ಇಲ್ಲದ ಪುಸ್ತಕವನ್ನು ಕದ್ದವಳು

ಆ ಹೆಂಗಸನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನನ್ನು ಸಂಭಾವಿತಳು ಎಂದುಕೊಂಡು ಮೋಸಹೋಗುವುದು ಬೇಡ. ನಮ್ಮ ನಿಘಂಟಿನ ಕಚೇರಿಗೆ ಅವಳು ಬಂದು ಎಂಟು ತಿಂಗಳಾಗಿತ್ತು. ಅವಳ ಕೆಲಸ ಚೀಟಿ ಪರಿಶೀಲನೆ. ಅಂದರೆ ನಾನು ಮೂವತ್ತೊಂದು ವರ್ಷ ಬೆನ್ನು ಬಗ್ಗಿಸಿ ಪದಕ್ಕೊಂದರಂತೆ ಬರೆದ ಚೀಟಿಗಳನ್ನು ಡ್ರಾಯರಿನಿಂದ ಒಂದೊಂದಾಗಿ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಹುಳುಕು ಹುಡುಕುವುದು. ಮೊದಲ ತಿಂಗಳಲ್ಲೇ ನನ್ನವು ಹದಿನಾಲ್ಕು ಚೀಟಿ ವಾಪಸು ಮಾಡಿದಳು. ಒಂದರಲ್ಲಿ ಪುಟದ ಸಂಖ್ಯೆ ಅರವತ್ತೇಳರ ಬದಲು ಎಪ್ಪತ್ತಾರು ಆಗಿತ್ತಂತೆ. ಮೂವತ್ತೊಂದು ವರ್ಷದಲ್ಲಿ ಒಂದು ಸಲ ಕೈ ಎಡವಿದರೆ ಪ್ರಪಂಚ ಮುಳುಗಿಹೋಗುತ್ತದೆಯೇ?

ಕುತ್ತಿಗೆಗೆ ಕಪ್ಪು ದಾರ ಕಟ್ಟಿ ಒಂದು ಭೂತಗನ್ನಡಿ ನೇತುಹಾಕಿಕೊಂಡಿರುತ್ತಿದ್ದಳು. ಹಾಗಾಗಿ ನಾನು ಅವಳಿಗೆ ಭೂತಗನ್ನಡಿ ಎಂದೇ ಹೆಸರಿಟ್ಟೆ. ಮೊದಲು ಬೆನ್ನ ಹಿಂದೆ ಕರೆದೆ, ಆಮೇಲೆ ಮುಖಕ್ಕೇ ಕರೆದೆ.

"ಕರೀರಿ ಬಿಡಿ," ಎಂದಳು. "ಸಣ್ಣದನ್ನ ದೊಡ್ಡದು ಮಾಡುತ್ತೆ, ಅದು ನಿಜ. ಇಲ್ಲದ್ದನ್ನ ಮಾತ್ರ ತೋರಿಸಲ್ಲ."

ಮೊಸರಿನಲ್ಲಿ ಕಲ್ಲು ಹುಡುಕುವವರಿಗೆ ಮಾತಿಗೇನೂ ಬರವಿಲ್ಲ.

ನಮ್ಮ ನಿಘಂಟು ಇಂಗ್ಲಿಷ್ ಪದಗಳಿಗೆ ನಮ್ಮ ಭಾಷೆಯಲ್ಲಿ ಅರ್ಥ ಹೇಳುವುದಷ್ಟೇ ಅಲ್ಲ, ಅವು ಎಲ್ಲಿ ಹುಟ್ಟಿದವು, ಹೇಗೆ ಬೆಳೆದವು, ಯಾವಾಗ ಬಣ್ಣ ಬದಲಿಸಿದವು ಎನ್ನುವುದನ್ನೂ ಹೇಳಬೇಕೆಂದು ಶುರುಮಾಡಿದವರು ನನ್ನ ಅಪ್ಪ. ಮನೆಯ ಕೆಳಗಿನ ಮೂರು ಕೋಣೆ ಕಚೇರಿ: ಒಂದರಲ್ಲಿ ಚೀಟಿಯ ಬೀರುಗಳು, ಒಂದರಲ್ಲಿ ಮೇಜುಗಳು, ಇನ್ನೊಂದರಲ್ಲಿ ಪುಸ್ತಕಗಳು. ಮೇಲಿನ ಮಹಡಿಯಲ್ಲಿ ಅಕ್ಕ ಮತ್ತು ಭಾವ. ಹಿಂಭಾಗದ ಒಂಟಿ ಕೋಣೆ ನನ್ನದು. ಹನ್ನೆರಡು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಸಂಪಾದಕರ ಕುರ್ಚಿಗೆ ಭಾವ ಬಂದು ಕೂತರು. ನನ್ನನ್ನು ಯಾರೂ ಕೇಳಲಿಲ್ಲ. ಹನ್ನೊಂದು ಸಾವಿರ ಚೀಟಿ ಬರೆದವಳು ನಾನು, ಭಾವ ಬರೆದದ್ದು ಹೆಚ್ಚೆಂದರೆ ಮುನ್ನೂರು. ಆದರೂ ಅಳಿಯನಿಗೆ ಕುರ್ಚಿ, ಮಗಳಿಗೆ ಅಂಟು ಮತ್ತು ಕತ್ತರಿ. ಇರಲಿ. ಈ ಸಲ ನಿಘಂಟು ಅಚ್ಚಾಗುವಾಗ ಒಳಪುಟದಲ್ಲಿ ಅಪ್ಪನ ಹೆಸರಿನ ಕೆಳಗೆ, ಭಾವನ ಹೆಸರಿನ ಪಕ್ಕದಲ್ಲೇ, ಅದೇ ಅಳತೆಯ ಅಕ್ಷರದಲ್ಲಿ ನನ್ನ ಹೆಸರೂ ಬರಬೇಕೆಂದು ಜಗಳ ಮಾಡಿ ಒಪ್ಪಿಸಿಕೊಂಡಿದ್ದೆ. ಮೂರು ವಾರದಲ್ಲಿ ಅಚ್ಚು. ಅದಾದ ವಾರಕ್ಕೆ ನನ್ನ ನಿವೃತ್ತಿ.

ಅಪ್ಪನ ಚೀಟಿಯಲ್ಲಿ ಐದು ಮನೆ ಇರುತ್ತಿದ್ದವು. ಪದ, ಹಳೆಯ ರೂಪ, ಅರ್ಥ, ಹುಟ್ಟು, ಆಧಾರ. ಐದೂ ತುಂಬಬೇಕು. "ಖಾಲಿ ಮನೆ ಸೋಮಾರಿ ಮನೆ" ಎನ್ನುತ್ತಿದ್ದರು. ಒಂದು ಮನೆ ಖಾಲಿ ಇದ್ದರೂ ಚೀಟಿ ವಾಪಸು. ಶನಿವಾರ ಸಂಜೆ ಐದಕ್ಕೆ ಎಲ್ಲರನ್ನೂ ನಿಲ್ಲಿಸಿಕೊಂಡು ಯಾರದು ಎಷ್ಟು ವಾಪಸಾಯಿತೆಂದು ಗಟ್ಟಿಯಾಗಿ ಓದುತ್ತಿದ್ದರು. ಮಗಳೆಂಬ ದಾಕ್ಷಿಣ್ಯ ಇರಲಿಲ್ಲ, ಇನ್ನೂ ನಾಲ್ಕು ಮಾತು ಹೆಚ್ಚೇ ಬೀಳುತ್ತಿತ್ತು. ನಾನು ಸೇರಿದ ವರ್ಷ ಒಂದು ಶನಿವಾರ ನನ್ನವು ಒಂಬತ್ತು ವಾಪಸಾದವು. ಆಗಷ್ಟೇ ಅಕ್ಕನನ್ನು ಮದುವೆಯಾಗಿ ಬಂದಿದ್ದ ಭಾವ ಕರವಸ್ತ್ರ ಬಾಯಿಗೆ ಒತ್ತಿಕೊಂಡು ನಕ್ಕರು. ಆ ನಗು ನನ್ನ ಹೊಟ್ಟೆಯಲ್ಲಿ ಹಾಗೇ ಕೂತುಬಿಟ್ಟಿತು.

ಮುಂದಿನ ವಾರ ನನ್ನ ಪಾಲಿಗೆ ಬಂದ ಪದಗಳಲ್ಲಿ 'ಥ್ರೆಶ್‌ಹೋಲ್ಡ್' ಒಂದು. ಹೊಸ್ತಿಲು ಎಂದು ಅರ್ಥ. ಸಾವಿರ ವರ್ಷಕ್ಕೂ ಹಿಂದಿನ ಪದ. ಆಮೇಲೆ ಅದಕ್ಕೆ ಆರಂಭ ಎನ್ನುವ ಅರ್ಥ ಬಂತು. ಇನ್ನೂ ಆಮೇಲೆ, ಇದಕ್ಕಿಂತ ಹೆಚ್ಚಾದರೆ ಮೈಗೆ ನೋವು ಗೊತ್ತಾಗುತ್ತದೆ ಎನ್ನುವ ಗೆರೆಗೂ ವೈದ್ಯರು ಅದನ್ನೇ ಬಳಸಿದರು. ಅರ್ಥದ ಮನೆ ತುಂಬಿತು. ಹುಟ್ಟಿನ ಮನೆಯಲ್ಲಿ ಅರ್ಧ ತುಂಬಿತು. ಮೊದಲ ಭಾಗ 'ಥ್ರೆಶ್', ಅಂದರೆ ಕಾಳು ಒಕ್ಕುವುದು. ಇನ್ನೂ ಹಿಂದಕ್ಕೆ ಹೋದರೆ ಕಾಲಿನಿಂದ ತುಳಿಯುವುದು. ಇಷ್ಟು ಗಟ್ಟಿ. ಉಳಿದ ಅರ್ಧ ಎಲ್ಲಿಂದ ಬಂತು ಎನ್ನುವುದಕ್ಕೆ ಬಲ್ಲವರೇ ಕೈಚೆಲ್ಲಿದ್ದಾರೆ. ಹಳೆಯ ಬರಹಗಳಲ್ಲಿ ಅದು ನಾಲ್ಕಾರು ಬಗೆಯಲ್ಲಿ ಸಿಗುತ್ತದೆ, ಒಂದರ ಹಾಗೆ ಇನ್ನೊಂದಿಲ್ಲ. ಇವತ್ತು 'ಹೋಲ್ಡ್' ಎಂದು ಕೇಳುತ್ತದೆ ಎಂದ ಮಾತ್ರಕ್ಕೆ 'ಹಿಡಿ' ಎನ್ನುವ ಪದಕ್ಕೂ ಅದಕ್ಕೂ ನಂಟು ಕಟ್ಟುವುದಕ್ಕೆ ಯಾವ ಆಧಾರವೂ ಇಲ್ಲ.

ನಾನು ಕಟ್ಟಿದೆ. ಶುಕ್ರವಾರ ಮಧ್ಯಾಹ್ನ ನಾಲ್ಕೂವರೆ ಗಂಟೆ. ಹಿಂದಿನ ಕಾಲದಲ್ಲಿ ಮನೆಯ ಬಾಗಿಲಲ್ಲೇ ಕಾಳು ಒಕ್ಕುತ್ತಿದ್ದರು, ಅದು ಬೀದಿಗೆ ಉರುಳದ ಹಾಗೆ ಹೆಂಗಸರು ಅಡ್ಡಲಾಗಿ ಒಂದು ಮರದ ಹಲಗೆ ಇಡುತ್ತಿದ್ದರು, ಒಕ್ಕಿದ್ದನ್ನು ಹಿಡಿದಿಡುವ ಹಲಗೆಯೇ ಹೊಸ್ತಿಲು ಎಂದು ಬರೆದೆ. ಇಂಥ ಕಥೆಗಳನ್ನು ಬೇರೆಯವರೂ ಕಟ್ಟಿರಬಹುದು, ಪ್ರಪಂಚದಲ್ಲಿ ನಾನೊಬ್ಬಳೇ ಸುಳ್ಳುಗಾತಿಯಲ್ಲ. ಆದರೆ ನಮ್ಮ ಬೀರುವಿಗೆ ಅದು ಬಂದದ್ದು ನನ್ನ ಕೈಯಿಂದ. ಐದನೆಯ ಮನೆ ಉಳಿಯಿತಲ್ಲ, ಆಧಾರ. ಅಲ್ಲಿ ಒಂದು ಪುಸ್ತಕವನ್ನೇ ಹುಟ್ಟಿಸಿದೆ. 'ಗ್ರಾಮ್ಯ ಪದಗಳ ಹಳೆಯ ಸಂಗ್ರಹ' ಎಂದು ಹೆಸರು, ಒಬ್ಬ ಲೇಖಕ, ಪುಟ ಇನ್ನೂರ ಹನ್ನೆರಡು. ಆ ಶನಿವಾರ ನನ್ನದು ಒಂದೂ ವಾಪಸು ಬರಲಿಲ್ಲ. ಅಪ್ಪ ನನ್ನ ಕಡೆ ನೋಡಿ ತಲೆಯಾಡಿಸಿದರು.

ಅದೊಂದೇ ಸುಳ್ಳು. ಹನ್ನೊಂದು ಸಾವಿರದಲ್ಲಿ ಒಂದು. ಸರಿಮಾಡಬೇಕೆಂದು ನೂರು ಸಲ ಅಂದುಕೊಂಡೆ, ನೂರು ಸಲ ನಾಳೆ ಎಂದುಕೊಂಡೆ.

ಅಷ್ಟರಲ್ಲಿ ಭಾವ ಆ ಚೀಟಿಯನ್ನು ಕಂಡರು, ಕಂಡು ಮರುಳಾದರು. ಸಭೆ ಸಮಾರಂಭಗಳಲ್ಲಿ ಅದೇ ಭಾಷಣ. "ಮನೆ ಅಂದ್ರೆ ಏನು? ಗೋಡೆಯಲ್ಲ, ಚಾವಣಿಯಲ್ಲ, ಹಿಡಿದಿಟ್ಟುಕೊಂಡದ್ದು!" ಎಂದು ಕೈ ಮುಷ್ಟಿ ಮಾಡಿ ತೋರಿಸುವುದು, ಜನ ಚಪ್ಪಾಳೆ ತಟ್ಟುವುದು. ಹಿಂದಿನ ಸಾಲಿನಲ್ಲಿ ಕೂತು ನಾನೂ ತಟ್ಟುತ್ತಿದ್ದೆ. ನಾಚಿಕೆಯಾಗುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಒಳಗೊಳಗೇ ಹಿಗ್ಗುತ್ತಿದ್ದೆ. ಈ ಸಲ ನಿಘಂಟಿನ ಮಾದರಿ ಪುಟವಾಗಿ ಭಾವ ಆರಿಸಿದ್ದೂ ಅದನ್ನೇ. ಇನ್ನೂರು ಶಾಲೆಗಳಿಗೆ ಕಳಿಸಲು ಆ ಒಂದು ಪುಟ ಅಚ್ಚಾಗಿ ಕಟ್ಟುಗಳಲ್ಲಿ ಬಂದು ಕೂತಿತ್ತು.

ಭೂತಗನ್ನಡಿ ಒಂದು ಸೋಮವಾರ ಬೆಳಿಗ್ಗೆ ಆ ಚೀಟಿ ಹಿಡಿದು ನನ್ನ ಮೇಜಿನ ಮುಂದೆ ನಿಂತಳು.

"ಈ ಪುಸ್ತಕ ನಮ್ಮ ಕಪಾಟಲ್ಲಿ ಇಲ್ಲ."

"ಹುಡುಕೋ ಹಾಗೆ ಹುಡುಕಿದ್ರೆ ಇರುತ್ತೆ."

"ಆರು ದೊಡ್ಡ ಗ್ರಂಥಾಲಯಕ್ಕೆ ಬರೆದೆ. ಅವರ ಹತ್ರಾನೂ ಇಲ್ಲ. ಇಂಥ ಹೆಸರಿನ ಪುಸ್ತಕ ಯಾರೂ ಕೇಳಿಲ್ಲ. ಲೇಖಕನನ್ನೂ ಯಾರೂ ಕೇಳಿಲ್ಲ."

"ನೀನು ಹುಟ್ಟೋಕೆ ಮುಂಚಿನ ಪುಸ್ತಕಗಳು ಬೇಕಾದಷ್ಟಿವೆ ತಾಯಿ," ಎಂದೆ. "ನೀನು ಕೇಳಿಲ್ಲ ಅಂದ್ರೆ ಅವು ಸತ್ತುಹೋಗಲ್ಲ."

ಅವಳು ಚೀಟಿಯ ಮೂಲೆಗೆ ಕೆಂಪು ಪೆನ್ಸಿಲಿನಲ್ಲಿ 'ಆಧಾರ ಗ್ರಂಥ ಅಸ್ತಿತ್ವದಲ್ಲಿ ಇದ್ದಂತಿಲ್ಲ' ಎಂದು ಬರೆದು, ನೇರ ಬೀರುಗಳ ಕೋಣೆಯಲ್ಲಿ ಕೂರುತ್ತಿದ್ದ ಭಾವನ ಹತ್ತಿರ ಹೋದಳು. ಬಾಗಿಲು ತೆರೆದೇ ಇತ್ತು. ಎಲ್ಲ ಕೇಳಿಸುತ್ತಿತ್ತು.

ಭಾವ ಮೊದಲು ನಕ್ಕರು. ಆಮೇಲೆ ಅಚ್ಚಾದ ಕಟ್ಟುಗಳ ಕಡೆ ನೋಡಿದರು. ಆಮೇಲೆ ನಗು ನಿಂತಿತು.

"ಅಸ್ತಿತ್ವದಲ್ಲಿ ಇಲ್ವಾ? ಏನ್ರೀ ಮಾತಾಡ್ತಿದ್ದೀರಿ? ನಾನೇ ಓದಿದ್ದೀನಿ ಆ ಪುಸ್ತಕಾನ!"

ನನ್ನ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. ಓದಿದ್ದಾರಂತೆ!

"ಯಾವಾಗ ಸರ್?" ಎಂದಳು ಅವಳು.

"ಯಾವಾಗಲೋ. ಕಪ್ಪು ರಟ್ಟಿನ ಪುಸ್ತಕ. ಮೂರನೇ ಕಪಾಟಲ್ಲೇ ಇತ್ತು. ಈಗ ಇಲ್ಲ ಅಂದ್ರೆ..." ಭಾವ ಸ್ವಲ್ಪ ತಡೆದರು. ಆ ತಡೆದ ಹೊತ್ತಿನಲ್ಲೇ ಅವರಿಗೆ ದಾರಿ ಕಂಡಿತೆಂದು ನನಗೆ ಅನಿಸುತ್ತದೆ. "ಪುಸ್ತಕದ ಕೋಣೆ ಬೀಗದಕೈ ಎಂಟು ತಿಂಗಳಿಂದ ಯಾರ ಹತ್ರ ಇದೆ?"

"ನನ್ನ ಹತ್ರ."

"ಹಾಗಾದ್ರೆ ಪುಸ್ತಕ ಎಲ್ಲಿ ಹೋಯ್ತು ಅಂತ ನೀವು ಹೇಳ್ಬೇಕು, ನಾನಲ್ಲ."

ಒಂದೇ ಗಂಟೆಯಲ್ಲಿ ಮಾತು ಉರುಳಿ ಉರುಳಿ ಬೆಟ್ಟವಾಯಿತು. ಅಪರೂಪದ ಪುಸ್ತಕ, ಪ್ರಪಂಚದಲ್ಲಿ ಒಂದೇ ಪ್ರತಿ. ಆರು ಗ್ರಂಥಾಲಯದಲ್ಲೂ ಇಲ್ಲ ಎಂದು ಅವಳೇ ಹೇಳಿದಳಲ್ಲ, ಅದಕ್ಕೇ ಬೆಲೆಬಾಳುವಂಥದು. ಅವಳೇ ಎತ್ತಿ ಯಾರಿಗೋ ಸಾಗಿಸಿ, ಈಗ ಇರಲೇ ಇಲ್ಲ ಎನ್ನುತ್ತಿದ್ದಾಳೆ. ಭಾವ ಊಟಕ್ಕೆ ಮೇಲೆ ಹೋಗುವ ಹೊತ್ತಿಗೆ ಈ ಕಥೆ ಪೂರ್ತಿ ಸಿದ್ಧವಾಗಿತ್ತು. ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತು, "ಬೀಗದಕೈ ನಿನ್ನ ಹತ್ರ ಇದ್ದಾಗ ಇಂಥದ್ದು ಆಗಿತ್ತಾ?" ಎಂದು ಕೇಳಿದರು.

ನಾನು ಅವಳ ಮುಖ ನೋಡಿಕೊಂಡೇ, "ನಾವು ಬೀಗ ಸರಿಯಾಗಿ ಹಾಕ್ತಿದ್ವಿ," ಎಂದೆ.

ಹೌದು, ಅಂದೆ. ಹದಿನಾಲ್ಕು ಚೀಟಿಯ ಸಿಟ್ಟು ಆ ಒಂದು ಮಾತಿನಲ್ಲಿ ತೀರಿಸಿಕೊಂಡೆ.

ಅವತ್ತು ಮಧ್ಯಾಹ್ನವೇ ಹುಡುಕಾಟ ಶುರುವಾಯಿತು. ನಿಘಂಟಿಗೆ ಹಣ ಕೊಡುವ ಟ್ರಸ್ಟಿನವರಿಗೆ ದೂರು ಕೊಡುವ ಮೊದಲು ಪೂರ್ತಿ ಹುಡುಕಿದೆವು ಎಂದು ತೋರಿಸಬೇಕಿತ್ತು. ಕಪಾಟುಗಳನ್ನು ಗೋಡೆಯಿಂದ ಎಳೆದೆವು. ನಾಲ್ಕು ಸಾವಿರ ಪುಸ್ತಕ ಕೆಳಗಿಳಿಸಿ, ಧೂಳು ಕೊಡವಿ, ಮೇಲಿಟ್ಟೆವು. ನಾನೂ ಏಣಿ ಹತ್ತಿದೆ. ನಾನೇ ಹುಟ್ಟಿಸಿದ ಪುಸ್ತಕವನ್ನು ನಾನೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹುಡುಕಿದೆ. ಎರಡನೆಯ ದಿನ ಒಂದು ಕಪ್ಪು ರಟ್ಟು ಕಂಡಾಗ, ನಂಬುತ್ತೀರೋ ಇಲ್ಲವೋ, ಸಿಕ್ಕೇಬಿಟ್ಟಿತು ಎಂದುಕೊಂಡೆ. ತೆಗೆದು ನೋಡಿದರೆ ಕುರಿ ಸಾಕಣೆಯ ಮೇಲಿನದು.

ಭೂತಗನ್ನಡಿ ಮಾತ್ರ ಹುಡುಕಲಿಲ್ಲ. ತನ್ನ ಮೇಜಿನಲ್ಲಿ ಕೂತು ಬೇರೆ ಚೀಟಿಗಳನ್ನು ನೋಡುತ್ತಿದ್ದಳು. "ಇಲ್ಲದ್ದಕ್ಕೆ ಯಾಕೆ ಹುಡುಕ್ಲಿ?" ಎಂದಳು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋರು ನೋಡ್ಕೊಳ್ಳಲಿ." ಯಾರಿಗೆ ಹೇಳಿದಳೋ, ನಾನು ಮಾತ್ರ ಏಣಿಯಲ್ಲಿ ಇನ್ನೊಂದು ಮೆಟ್ಟಿಲು ಮೇಲೆ ಹತ್ತಿದೆ.

ಮಂಗಳವಾರ ಸಂಜೆ ಎಲ್ಲರೂ ಹೋದ ಮೇಲೆ ಅವಳು ನನ್ನ ಹತ್ತಿರ ಬಂದಳು. ಕುರ್ಚಿ ಎಳೆದುಕೊಳ್ಳಲಿಲ್ಲ, ನಿಂತೇ ಮಾತಾಡಿದಳು.

"ಗುರುವಾರ ಟ್ರಸ್ಟಿನ ವಕೀಲರು ಬರ್ತಾರಂತೆ. ಪುಸ್ತಕ ಕದ್ದಿದ್ದಕ್ಕೆ ವಜಾ ಅಂತ ಕಾಗದ ಕೊಟ್ರೆ, ಆಮೇಲೆ ಯಾವ ಗ್ರಂಥಾಲಯದವರೂ ಯಾವ ಮುದ್ರಣಾಲಯದವರೂ ನನ್ನನ್ನ ಒಳಗೆ ಬಿಡಲ್ಲ. ನನಗೆ ಬರೋದು ಈ ಕೆಲಸ ಒಂದೇ. ಮನೇಲಿ ದುಡಿಯೋಳು ನಾನೊಬ್ಬಳೇ, ಮಗಳು ಏಳನೇ ಕ್ಲಾಸು. ಇದನ್ನ ಕನಿಕರ ಹುಟ್ಟಲಿ ಅಂತ ಹೇಳ್ತಿಲ್ಲ. ನಿಮಗೆ ಗೊತ್ತಿರಲಿ ಅಂತ ಹೇಳ್ತಿದ್ದೀನಿ. ಆ ಚೀಟಿ ನಿಮ್ಮ ಕೈಬರಹ. ಪುಸ್ತಕ ನೀವು ನೋಡಿದ್ದೀರಾ?"

ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ನೋಡಿದ್ದೀನಿ," ಎಂದೆ.

ನಾನು ನಿಘಂಟಿನ ಪುಟಗಳನ್ನು ಜೋಡಿಸುತ್ತಾ ಕೂತೆ. ಅವಳ ಚಪ್ಪಲಿಯ ಸದ್ದು ಗೇಟಿನವರೆಗೂ ಕೇಳಿಸಿತು. ನನಗೆ ನನ್ನ ಮೇಲೇ ಹೇಸಿಗೆ ಹುಟ್ಟಿತು, ಹೇಸಿಗೆಯ ಜೊತೆಗೇ ಅವಳ ಮೇಲಿನ ಸಿಟ್ಟೂ ಏರಿತು. ಬಂದು ನಿಂತು ಕೇಳಿದ್ದಾದರೂ ಯಾಕೆ? ಕೇಳದೆ ಇದ್ದಿದ್ದರೆ ನಾನು ಎರಡನೆಯ ಸಲ ಸುಳ್ಳು ಹೇಳುತ್ತಿರಲಿಲ್ಲವಲ್ಲ.

ಬುಧವಾರ ಬೆಳಿಗ್ಗೆ ತಡೆಯಲಾಗದೆ ಮಹಡಿ ಹತ್ತಿ ಅಕ್ಕನಿಗೆ ಎಲ್ಲ ಹೇಳಿದೆ. ಅಕ್ಕ ಬಟ್ಟೆ ಮಡಿಸುತ್ತಿದ್ದಳು. ಮಡಿಸುವುದನ್ನು ನಿಲ್ಲಿಸಲಿಲ್ಲ.

"ನಿನ್ನ ಭಾವ ಓದಿದ್ದೀನಿ ಅಂದ್ರಲ್ಲ."

"ಅದೇ ಅಕ್ಕಾ. ಇಲ್ಲದ ಪುಸ್ತಕ ಹೇಗೆ ಓದ್ತಾರೆ?"

"ಓದಿದ್ದಾರೆ ಅಂದ್ಮೇಲೆ ಪುಸ್ತಕ ಇತ್ತು," ಎಂದಳು ಅಕ್ಕ. ಅಂಗಿಯ ತೋಳು ಒಳಗೆ ಮಡಚಿದಳು. "ನೋಡು, ಬಾಯಿ ಮುಚ್ಕೊಂಡಿರು. ಮೂರು ವಾರ. ಅಪ್ಪನ ಹೆಸರಿನ ಕೆಳಗೆ ನಿನ್ನ ಹೆಸರು ಬರುತ್ತೆ. ಅದಕ್ಕೇ ತಾನೇ ನೀನು ಇಷ್ಟು ವರ್ಷ ಜೀವ ತೇದಿದ್ದು? ಎಂಟು ತಿಂಗಳ ಹಿಂದೆ ಬಂದ ಯಾವಳಿಗೋಸ್ಕರ ನಿನ್ನ ತಲೆ ಮೇಲೆ ನೀನೇ ಕಲ್ಲು ಹಾಕ್ಕೋತೀಯಾ?"

ಅಕ್ಕ ಹೇಳಿದ್ದು ನನಗೆ ಹಿಡಿಸಿತು. ಅದನ್ನೂ ಮುಚ್ಚಿಡುವುದಿಲ್ಲ. ನಿರಾಳವಾಗಿ ಮೆಟ್ಟಿಲಿಳಿದೆ.

ಗುರುವಾರ ಹನ್ನೊಂದು ಗಂಟೆಗೆ ವಕೀಲಮ್ಮ ಬಂದರು. ದಪ್ಪ ಗಾಜಿನ ಕನ್ನಡಕದ, ನಿಧಾನಸ್ಥ ಹೆಂಗಸು. ಮೇಜಿನ ಕೋಣೆಯಲ್ಲೇ ನಾಲ್ಕು ಕುರ್ಚಿ ಹಾಕಿದೆವು. ಭೂತಗನ್ನಡಿ ಅವತ್ತು ಕುತ್ತಿಗೆಯ ದಾರ ತೆಗೆದು ಬಂದಿದ್ದಳು. ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದಳು.

"ಪುಸ್ತಕ ಹೇಗಿತ್ತು, ಹೇಳಿ," ಎಂದರು ವಕೀಲಮ್ಮ.

ಭಾವ ಗಂಟಲು ಸರಿಮಾಡಿಕೊಂಡರು. "ಕಪ್ಪು ರಟ್ಟು. ಬೆನ್ನಿನ ಮೇಲೆ ಚಿನ್ನದ ಅಕ್ಷರ, ಅರ್ಧ ಅಳಿಸಿತ್ತು. ಬಲಗಡೆ ಮೂಲೆಯಲ್ಲಿ ಹುಳು ತಿಂದ ತೂತು. ಮೊದಲನೇ ಪುಟದಲ್ಲಿ ಹಿಂದಿನ ಮಾಲೀಕರ ಸಹಿ ಇತ್ತು, ನೇರಳೆ ಶಾಯಿ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ನಾನು ಕಂಡಿದ್ದೆ. ಕರುವಿನ ಬಣ್ಣ ಹೇಳುವವರನ್ನು ಕಂಡದ್ದು ಇದೇ ಮೊದಲು.

"ಗ್ರಂಥಾಲಯಕ್ಕೆ ಹೇಗೆ ಬಂತು?"

"ನಾನೇ ತಂದದ್ದು," ಎಂದರು ಭಾವ. ಈಗ ಅವರಿಗೆ ಲಹರಿ ಬಂದಿತ್ತು. "ಹಳೇ ಪುಸ್ತಕದ ಅಂಗಡೀಲಿ ಸಿಕ್ತು. ಹೊಸ್ತಿಲಿನ ಆ ಹುಟ್ಟು ಮೊದಲು ಕಂಡದ್ದೂ ನನಗೇ. ಆಗ ನಾನು ಇನ್ನೂ ಹೊಸಬ. ನಾದಿನಿ ಪಾಪ ಚೀಟಿ ತುಂಬಿಸೋಕೆ ಒದ್ದಾಡ್ತಿದ್ಲು, ವಾರ ವಾರ ವಾಪಸು ಬರ್ತಿತ್ತು. ಹೋಗ್ಲಿ ಅಂತ ನಾನೇ ಪುಟ ತೆಗೆದು ತೋರಿಸಿ, ಬರ್ಕೋ ಅಂದೆ. ಕೈಬರಹ ಅವಳದು, ಅಷ್ಟೇ. ಏನಮ್ಮಾ?"

ಎಂದು ನನ್ನ ಕಡೆ ತಿರುಗಿ ಮುಗುಳ್ನಕ್ಕರು. ಮೂವತ್ತೊಂದು ವರ್ಷದ ಹಿಂದೆ ಕರವಸ್ತ್ರದ ಹಿಂದಿನಿಂದ ಬಂದದ್ದೂ ಅದೇ ನಗು.

ನನ್ನ ಮೈಯೆಲ್ಲ ಉರಿದುಹೋಯಿತು. ಸತ್ಯ ಹೇಳಬೇಕೆಂಬ ಆಸೆಯಿಂದ ನಾನು ಬಾಯಿ ತೆರೆದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವಳ ಮೇಲಿನ ಕನಿಕರದಿಂದಲೂ ಅಲ್ಲ. ಕುರ್ಚಿ ತಗೊಂಡರು, ಭಾಷಣ ತಗೊಂಡರು, ಚಪ್ಪಾಳೆ ತಗೊಂಡರು, ಈಗ ನನ್ನ ಸುಳ್ಳನ್ನೂ ತಗೊಳ್ಳುತ್ತಿದ್ದಾರಲ್ಲ ಎನ್ನುವ ಹೊಟ್ಟೆಕಿಚ್ಚಿನಿಂದ ತೆರೆದೆ.

"ಆ ಪುಸ್ತಕ ಇಲ್ಲ," ಎಂದೆ. "ಯಾವತ್ತೂ ಇರಲಿಲ್ಲ. ನಾನೇ ಹುಟ್ಟಿಸಿದ್ದು."

ಭಾವ ತಕ್ಷಣ, "ಇವಳಿಗೆ ತಲೆ ಕೆಟ್ಟಿದೆ. ನಿವೃತ್ತಿ ಹತ್ರ ಬಂತಲ್ಲ, ಏನೇನೋ ಮಾತಾಡ್ತಾಳೆ," ಎಂದರು.

"ತಲೆ ಕೆಟ್ಟಿದ್ದು ನನಗಲ್ಲ. ಇಲ್ಲದ ಪುಸ್ತಕದಲ್ಲಿ ನೇರಳೆ ಶಾಯಿ ಕಂಡವರಿಗೆ!"

"ಪುರಾವೆ?" ಎಂದರು ವಕೀಲಮ್ಮ, ಅಷ್ಟೇ ನಿಧಾನವಾಗಿ.

"ಚೀಟಿ ಓದಿ. ಲೇಖಕನ ಹೆಸರು ಏನಿದೆ?"

ಅವರು ಓದಿದರು. ಎರಡು ಪದದ ಪರದೇಶಿ ಹೆಸರು. ನಾನು ಎದ್ದು ಹೋಗಿ ಚೀಟಿ ಅಂಟಿಸುವ ಮೇಜಿನಿಂದ ಅಂಟಿನ ಸೀಸೆ ತಂದೆ. ದಪ್ಪ ಗಾಜಿನ ಹಳೆಯ ಸೀಸೆ; ಖಾಲಿಯಾದಾಗೆಲ್ಲ ಹೊಸ ಅಂಟು ತುಂಬಿ ಇಷ್ಟು ವರ್ಷ ನಡೆಸಿದ್ದೆವು. ಬುಡದ ಗಾಜಿನಲ್ಲಿ ತಯಾರಿಸಿದವರ ಹೆಸರು ಉಬ್ಬಿತ್ತು. ಹೆಸರಿನ ಮೊದಲರ್ಧ ಅದು. ಆಮೇಲೆ ಮೂಲೆಯ ಮೇಜಿನ ಮೇಲಿದ್ದ, ಯಾರೂ ಮುಟ್ಟದ ಟೈಪ್‌ರೈಟರಿನ ಮುಸುಕು ಎಳೆದೆ. ಉಳಿದರ್ಧ ಅದರ ಹಣೆಯ ಮೇಲಿತ್ತು.

"ಶುಕ್ರವಾರ ನಾಲ್ಕೂವರೆ ಗಂಟೆ," ಎಂದೆ. "ಕಣ್ಣೆತ್ತಿ ನೋಡಿದೆ, ಎದುರಿಗೆ ಇದ್ದದ್ದು ಇವೆರಡೇ. ಒಬ್ಬ ಲೇಖಕ ಆಗೋಕೆ ಅಷ್ಟು ಸಾಕಾಯ್ತು. ಪುಟದ ಸಂಖ್ಯೆ ನಾನು ಸೇರಿದಾಗಿನಿಂದ ಅಲ್ಲೀವರೆಗೆ ಬರೆದ ಚೀಟಿಗಳ ಲೆಕ್ಕ."

ವಕೀಲಮ್ಮ ಸೀಸೆಯನ್ನು ಬೆಳಕಿಗೆ ಹಿಡಿದು ಓದಿದರು. ಎದ್ದು ಹೋಗಿ ಟೈಪ್‌ರೈಟರನ್ನೂ ಓದಿದರು. ತಿರುಗಿ ಭಾವನನ್ನು ನೋಡಿ, "ಹುಳು ತಿಂದ ತೂತು ಬಲಗಡೆ ಅಂದ್ರಾ, ಎಡಗಡೆ ಅಂದ್ರಾ?" ಎಂದು ಕೇಳಿದರು. ಸೀಸೆಯನ್ನೇ ನೋಡುತ್ತಾ ಕೂತಿದ್ದ ಭಾವ ಇದ್ದಕ್ಕಿದ್ದಂತೆ ಎದ್ದು, ಕುರ್ಚಿ ಹಿಂದಕ್ಕೆ ಬೀಳಿಸಿಕೊಂಡು ಮಹಡಿಗೆ ಹೋಗಿಬಿಟ್ಟರು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲಿನಿಂದ ಅಕ್ಕನ ದನಿ ಕೇಳಿಸಿತು. "ತೃಪ್ತಿಯಾಯ್ತೇನೇ? ನನ್ನ ಗಂಡನ ಮಾನಾನೂ ಕಳೆದೆ, ಅಪ್ಪನ ಹೆಸರಿಗೂ ಮಸಿ ಬಳಿದೆ. ಇನ್ಮೇಲೆ ಈ ಮೆಟ್ಟಿಲು ಹತ್ತಬೇಡ."

ವಕೀಲಮ್ಮ ಅಲ್ಲೇ ಕೂತು ಎರಡು ಕಾಗದ ಬರೆದರು. ಒಂದು, ಪರಿಶೀಲಕಿಯ ಮೇಲಿನ ಆರೋಪ ಸುಳ್ಳು, ಕೆಲಸದಲ್ಲಿ ಮುಂದುವರಿಯತಕ್ಕದ್ದು. ಅದನ್ನು ಅವಳ ಕೈಗೆ ಕೊಟ್ಟರು. ಅವಳು ಎರಡು ಸಲ ಓದಿ, ನಾಲ್ಕು ಮಡಿಕೆ ಮಾಡಿ ಚೀಲದೊಳಗೆ ಇಟ್ಟುಕೊಂಡಳು. ನನಗೆ ಒಂದು ಕೃತಜ್ಞತೆಯ ಮಾತಾದರೂ ಬರುತ್ತದೆಂದು ನಾನು ಕಾದೆ. ಎಷ್ಟಾದರೂ ಮನುಷ್ಯ ಜೀವ ನೋಡಿ, ಆಸೆ.

ಅವಳು ವಕೀಲಮ್ಮನ ಕಡೆ ತಿರುಗಿ, "ಉಳಿದ ಚೀಟಿಗಳ ಗತಿ ಏನು ಮೇಡಂ?" ಎಂದು ಕೇಳಿದಳು.

"ಯಾವ ಚೀಟಿಗಳು?"

"ಇವರು ಬರೆದವು. ಹನ್ನೊಂದು ಸಾವಿರ ಇವೆ. ನಾನು ಎಂಟು ತಿಂಗಳಲ್ಲಿ ನೋಡಿರೋದು ಆಯ್ದ ಕೆಲವನ್ನ ಮಾತ್ರ. ಬಾಕಿ ಎಲ್ಲ, ಇವರು ಆಧಾರ ಬರೆದಿದ್ದಾರೆ, ಇರುತ್ತೆ ಬಿಡು ಅಂತ ನಂಬಿ ಮುಂದೆ ಕಳಿಸಿದ್ದು."

"ಅದೊಂದೇ!" ಎಂದು ನಾನು ಚೀರಿದೆ. "ಆಣೆ ಮಾಡಿ ಹೇಳ್ತೀನಿ, ಅದೊಂದೇ."

ವಕೀಲಮ್ಮ ಎರಡನೆಯ ಕಾಗದ ಬರೆದದ್ದು ಆಗ. ಮಾದರಿ ಪುಟಗಳನ್ನು ನಾಶಮಾಡುವುದು. ನಿಘಂಟಿನ ಅಚ್ಚು ಮುಂದೂಡುವುದು. ಈ ಕೈಬರಹದ ಎಲ್ಲ ಚೀಟಿಗಳನ್ನೂ ಹೊರತೆಗೆದು ಮೂಲದೊಂದಿಗೆ ತಾಳೆ ನೋಡುವುದು. ಅಲ್ಲಿಯವರೆಗೆ ಒಳಪುಟದಲ್ಲಿ ಸಂಸ್ಥಾಪಕರ ಹೆಸರೊಂದನ್ನು ಬಿಟ್ಟು ಬೇರೆ ಯಾವ ಹೆಸರೂ ಇರಕೂಡದು.

ಮಾರನೆಯ ದಿನ ಬೆಳಿಗ್ಗೆ ಎಂದಿನ ಹಾಗೆ ಒಂಬತ್ತಕ್ಕೆ ಕಚೇರಿಗೆ ಹೋದೆ. ಹಿಂದಿನ ಕೋಣೆಯಿಂದ ಇಪ್ಪತ್ತು ಹೆಜ್ಜೆ. ಅವಳು ಆಗಲೇ ಬಂದಿದ್ದಳು. ಬೀರುವಿನ ಮೊದಲ ಡ್ರಾಯರ್ ಮೇಜಿನ ಮೇಲಿತ್ತು. ನನ್ನ ಚೀಟಿಗಳನ್ನು ಒಂದೊಂದಾಗಿ ಆರಿಸಿ ಬೇರೆ ಪೆಟ್ಟಿಗೆಗೆ ಹಾಕುತ್ತಿದ್ದಳು. ನನ್ನ ಇಪ್ಪತ್ತೇಳನೆಯ ವಯಸ್ಸಿನ ಗುಂಡಗಿನ ಅಕ್ಷರ, ನಲವತ್ತರ ಅವಸರದ ಅಕ್ಷರ, ಅಪ್ಪ ಹೋದ ವರ್ಷದ ವಕ್ರ ಅಕ್ಷರ, ಎಲ್ಲ ಮೇಲೆ ಮೇಲೆ ಬೀಳುತ್ತಿದ್ದವು. ಅವುಗಳಲ್ಲಿ ಒಂದೊಂದಕ್ಕೂ ನಾನು ಎಷ್ಟು ಪುಸ್ತಕ ತಡಕಿದ್ದೆ, ಎಷ್ಟು ಸಲ ಕಣ್ಣು ಉರಿಸಿಕೊಂಡಿದ್ದೆ. ಒಂದು ಪದಕ್ಕಾಗಿ ಹದಿನೇಳು ದಿನ ಕೂತದ್ದುಂಟು. ಅವೆಲ್ಲ ನಿಜ, ಗಟ್ಟಿ, ಚೊಕ್ಕ. ಹೇಳಿದರೆ ಈಗ ಯಾರು ಕೇಳುತ್ತಾರೆ?

"ಅಪ್ಪ ಖಾಲಿ ಬಿಡೋಕೆ ಬಿಡ್ತಿರಲಿಲ್ಲ," ಎಂದೆ, ಯಾರೂ ಕೇಳದಿದ್ದರೂ. "ಎಲ್ಲರ ಮುಂದೆ ನಿಲ್ಲಿಸಿ ಬೈತಿದ್ರು. ನೀನಾಗಿದ್ರೂ ಬರೀತಿದ್ದೆ."

ಅವಳು ತಲೆಯೆತ್ತಲಿಲ್ಲ. "ಅದೇ ಕೋಣೇಲಿ ಬೇರೆಯವರೂ ಇದ್ರಲ್ಲ. ಅವರ ಚೀಟಿಗಳನ್ನೂ ನೋಡಿದ್ದೀನಿ, ತಿಳಿದಿಲ್ಲ ಅಂತ ಬರೆದು ವಾಪಸು ಬಂದವು ಬೇಕಾದಷ್ಟಿವೆ. ಅವರು ಬೈಸಿಕೊಂಡ್ರು, ಅಷ್ಟೇ."

ಪೆಟ್ಟಿಗೆಗೆ ಬೀಳುತ್ತಿದ್ದ ಚೀಟಿಗಳನ್ನು ಎಣಿಸಲು ನೋಡಿದೆ.

"ಎಷ್ಟು ದಿನ ಆಗುತ್ತೆ?" ಎಂದು ಕೇಳಿದೆ.

"ದಿನಕ್ಕೆ ಮೂವತ್ತು ಅಂದ್ರೂ ಒಂದು ವರ್ಷದ ಮೇಲೆ."

ನನಗೆ ಉಳಿದದ್ದು ನಾಲ್ಕು ವಾರ. ಅವಳು ಕೊನೆಯ ಚೀಟಿ ನೋಡಿ, ಹೌದು, ಅದೊಂದೇ ಎಂದು ಹೇಳುವ ದಿನ ನಾನು ಈ ಕೋಣೆಯಲ್ಲಿ ಇರುವುದಿಲ್ಲ.

"ನಾನೂ ಕೂತ್ಕೋತೀನಿ," ಎಂದೆ. "ಯಾವ ಪುಸ್ತಕ ಯಾವ ಕಪಾಟಲ್ಲಿದೆ ಅಂತ ನನಗೆ ಗೊತ್ತು. ನನ್ನ ಅಕ್ಷರ ನನಗೆ ಬೇಗ ಓದೋಕೆ ಬರುತ್ತೆ. ಇಬ್ಬರಾದ್ರೆ ಬೇಗ ಮುಗಿಯುತ್ತೆ."

ಕುರ್ಚಿ ಎಳೆದುಕೊಂಡು ಪೆಟ್ಟಿಗೆಯತ್ತ ಕೈ ಚಾಚಿದೆ. ಅವಳು ಪೆಟ್ಟಿಗೆಯ ಮೇಲೆ ತನ್ನ ಅಂಗೈ ಇಟ್ಟಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ. ಸಿಟ್ಟಿದ್ದರೆ ನಾನು ಜಗಳವಾಡಿ ಗೆಲ್ಲುತ್ತಿದ್ದೆ.

"ಬೇಡಮ್ಮಾ," ಎಂದಳು. "ನೀವು ಮುಟ್ಟಬೇಡಿ."